ಸಾರ್ವಜನಿಕ ವೈ-ಫೈ ಸೇವೆ: ಪೇಟೆಗೆ ಬಂದ ರೈತರು ಬಳಸುವ ಕ್ರಮ

ಒಕ್ಕಲುತನದಲ್ಲಿ ಬೀಜ, ಗೊಬ್ಬರ, ನೀರು ಎಷ್ಟು ಮುಖ್ಯವೋ ಸಕಾಲದಲ್ಲಿ ಸಿಗುವ ಮಾಹಿತಿಯೂ ಅಷ್ಟೇ ಮುಖ್ಯ. ರಾಶಿ ಮಾಡಿದ ಹೆಸರನ್ನು ಇಂದೇ ಪೇಟೆಗೆ ಸಾಗಿಸಬೇಕೋ, ನಾಲ್ಕು ದಿನ ತಡೆಯಬೇಕೋ? ಕಡಲೆಗೆ ಔಷಧಿಯನ್ನು ಇಂದು ಸಿಂಪಡಿಸಬೇಕೋ, ಮೋಡ ನೋಡಿಕೊಂಡು ಮುಂದಕ್ಕೆ ಹಾಕಬೇಕೋ? ಇಂತಹ ಸಣ್ಣ ನಿರ್ಧಾರಗಳ ಮೇಲೆಯೇ ಒಂದು ಹಂಗಾಮಿನ ಲಾಭ-ಹಾನಿ ನಿಂತಿರುತ್ತದೆ. ಪೇಟೆಯ ಧಾರಣೆ, ಹವಾಮಾನದ ಮುನ್ಸೂಚನೆ, ಹೊಲದ ಉತಾರ, ಬೆಳೆಯ ಬೇಸಾಯ ಕ್ರಮ ಇವೆಲ್ಲವೂ ಇಂದು ಅಂತರ್ಜಾಲದ ಮೂಲಕ ಮೊಬೈಲಿನಲ್ಲಿಯೇ ನೋಡಲು ಸಿಗುತ್ತವೆ.

ಆದರೆ ಹಳ್ಳಿಯಲ್ಲಿ ಎಲ್ಲ ಕಡೆ ಸಿಗ್ನಲ್ ಒಂದೇ ಸಮನಾಗಿರುವುದಿಲ್ಲ. ಕೆಲವರ ಮೊಬೈಲಿನಲ್ಲಿ ದಿನದ ಡೇಟಾ ಮಧ್ಯಾಹ್ನದೊಳಗೇ ಮುಗಿದಿರುತ್ತದೆ. ಇಂಥವರು ಮಾಲು ಮಾರಲು, ಬೀಜ ಕೊಳ್ಳಲು, ಕಚೇರಿಯ ಕೆಲಸಕ್ಕೆ ಎಂದು ಹುಬ್ಬಳ್ಳಿಗೋ ಧಾರವಾಡಕ್ಕೋ ಬಂದಾಗ ಅಲ್ಲಿರುವ ಸಾರ್ವಜನಿಕ ವೈ-ಫೈ ಸೇವೆಯನ್ನು ಬಳಸಿಕೊಳ್ಳಬಹುದು. ಈ ಸೇವೆ ಎಲ್ಲಿ ಸಿಗುತ್ತದೆ, ಅದಕ್ಕೆ ಸೇರಿಕೊಳ್ಳುವುದು ಹೇಗೆ, ಸಿಗುವ ಅರ್ಧ ತಾಸಿನಲ್ಲಿ ಯಾವ ಕೆಲಸ ಮೊದಲು ಮಾಡಬೇಕು, ಯಾವುದನ್ನು ಮಾಡಲೇಬಾರದು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಇಡೀ ಪೇಟೆಗೆ ಒಂದೇ ವೈ-ಫೈ ಏಕೆ ಕಷ್ಟ?

ಪೇಟೆಯ ಯಾವ ಮೂಲೆಯಲ್ಲಿ ನಿಂತರೂ ಬಿಟ್ಟಿ ಅಂತರ್ಜಾಲ ಸಿಗಬೇಕು ಎಂಬ ಆಸೆ ಹೊಸದಲ್ಲ. ಅಮೇರಿಕದ ಫಿಲಡೆಲ್ಫಿಯಾ ಪಟ್ಟಣದವರು ಇಡೀ ಊರಿಗೆ ವೈ-ಫೈ ಹಬ್ಬಿಸಲು 2005ರಲ್ಲಿ ಒಂದು ಕಂಪನಿಯನ್ನು ಆರಿಸಿದರು. 2008ರಲ್ಲಿ ಆ ಕಂಪನಿ ಅದರಿಂದ ಹಿಂದೆ ಸರಿಯಿತು. ನಮ್ಮ ರಾಜ್ಯದಲ್ಲಿ 2014ರ ಜನವರಿಯಲ್ಲಿ ಬೆಂಗಳೂರಿನಲ್ಲಿ ‘ನಮ್ಮ ವೈ-ಫೈ’ ಆರಂಭವಾಯಿತು. ಅದು ಸಹ ಇಡೀ ನಗರಕ್ಕೆ ಹಬ್ಬಿದ್ದಲ್ಲ, ಮಹಾತ್ಮಾ ಗಾಂಧಿ ರಸ್ತೆ, ಬ್ರಿಗೇಡ್ ರಸ್ತೆಗಳಂತಹ ಆಯ್ದ ಕೆಲವು ಸ್ಥಳಗಳಿಗೆ ಸೀಮಿತವಾಗಿತ್ತು.

ಇದಕ್ಕೆ ಕಾರಣ ವೈ-ಫೈಯ ಗುಣದಲ್ಲಿಯೇ ಇದೆ. ವೈ-ಫೈ ಎಂಬುದು ಕಡಿಮೆ ಶಕ್ತಿಯ ರೇಡಿಯೋ ಅಲೆ. ಗೋಡೆಗೆ ಅಥವಾ ಕಂಬಕ್ಕೆ ಹಚ್ಚಿದ ಒಂದು ಸಣ್ಣ ಪೆಟ್ಟಿಗೆಯಿಂದ ಹೊರಡುವ ಈ ಅಲೆ ಬಯಲಿನಲ್ಲಿ ಹೆಚ್ಚೆಂದರೆ ಸುಮಾರು 100 ಮೀಟರಿನವರೆಗೆ ಸಾಗೀತು. ನಡುವೆ ಗೋಡೆ, ತಗಡು, ಜನಸಂದಣಿ ಇದ್ದರೆ ಅರ್ಧಕ್ಕೂ ಕಡಿಮೆಯಾಗುತ್ತದೆ. ರೈತರಿಗೆ ಪರಿಚಯವಿರುವ ಲೆಕ್ಕದಲ್ಲಿ ನೋಡೋಣ. ಒಂದು ಪೆಟ್ಟಿಗೆಯ ಅಲೆ ಸುತ್ತಲೂ 50 ಮೀಟರ್ ಹೋಗುತ್ತದೆ ಎಂದು ಹಿಡಿದರೆ ಅದರ ಹರವು ಸುಮಾರು 2 ಎಕರೆ ಆಗುತ್ತದೆ. ಒಂದು ಚದರ ಕಿಲೋಮೀಟರ್ ಎಂದರೆ 247 ಎಕರೆ. ಅಷ್ಟಕ್ಕೇ 120ಕ್ಕೂ ಹೆಚ್ಚು ಪೆಟ್ಟಿಗೆಗಳು ಬೇಕು. ಪ್ರತಿಯೊಂದು ಪೆಟ್ಟಿಗೆಗೂ ವಿದ್ಯುತ್ತು ಬೇಕು, ಹಿಂದಿನಿಂದ ಕೇಬಲ್ ಬೇಕು, ಕೆಟ್ಟರೆ ದುರಸ್ತಿ ಮಾಡುವವರು ಬೇಕು. ಹುಬ್ಬಳ್ಳಿ ಮತ್ತು ಧಾರವಾಡದ ನಡುವೆಯೇ ಸುಮಾರು 20 ಕಿಲೋಮೀಟರ್ ಅಂತರವಿದೆ. ಈ ಜೋಡಿ ನಗರವನ್ನು ಪೂರ್ತಿ ಮುಚ್ಚುವುದು ಎಷ್ಟು ಖರ್ಚಿನ ಕೆಲಸವೆಂದು ಇದರಿಂದ ತಿಳಿಯಬಹುದು.

ಆದ್ದರಿಂದ ಸಾರ್ವಜನಿಕ ವೈ-ಫೈಯನ್ನು ಹೊಲಕ್ಕೆಲ್ಲ ಬೀಳುವ ಮಳೆಯಂತೆ ತಿಳಿಯಬಾರದು. ಅದು ಊರ ಬಾವಿಯಂತೆ. ನೀರು ಬೇಕಾದವರು ಕೊಡ ಹಿಡಿದು ಬಾವಿಯ ಹತ್ತಿರ ಹೋಗಬೇಕು. ಅಮರಗೋಳದ ಮಾರುಕಟ್ಟೆ ಪ್ರಾಂಗಣದಲ್ಲಿ ನಿಂತು ರೈಲು ನಿಲ್ದಾಣದ ವೈ-ಫೈ ಹುಡುಕಿದರೆ ಸಿಗದು.

ರೈಲು ನಿಲ್ದಾಣದಲ್ಲಿ ಏಕೆ ಸಿಗುತ್ತದೆ?

ವೈ-ಫೈ ಪೆಟ್ಟಿಗೆ ತಾನೇ ಅಂತರ್ಜಾಲವನ್ನು ಹುಟ್ಟಿಸುವುದಿಲ್ಲ. ಬಾವಿಗೆ ಒಳಗಿನ ಸೆಲೆ ಇದ್ದಂತೆ ಪೆಟ್ಟಿಗೆಗೆ ಹಿಂದಿನಿಂದ ಬರುವ ಕೇಬಲ್ಲೇ ಆಧಾರ. ರೈಲು ಹಳಿಯ ಗುಂಟ ನೆಲದಲ್ಲಿ ಹೂತ ಆಪ್ಟಿಕಲ್ ಫೈಬರ್ ಎಂಬ ಗಾಜಿನ ಎಳೆಯ ಕೇಬಲ್ ಹಾದುಹೋಗುತ್ತದೆ. ಇದನ್ನು ನೋಡಿಕೊಳ್ಳಲು 2000ದಲ್ಲಿ ರೈಲ್ವೆ ಇಲಾಖೆಯಡಿ ರೈಲ್‌ಟೆಲ್ ಎಂಬ ಸಂಸ್ಥೆ ಸ್ಥಾಪನೆಯಾಯಿತು. ಕೇಬಲ್ ಹೇಗೂ ನಿಲ್ದಾಣದವರೆಗೆ ಬಂದಿದ್ದುದರಿಂದ ಅಲ್ಲಿ ವೈ-ಫೈ ಪೆಟ್ಟಿಗೆಗಳನ್ನು ಹಚ್ಚುವುದು ಸುಲಭವಾಯಿತು. 2016ರ ಜನವರಿಯಲ್ಲಿ ಮುಂಬಯಿ ಸೆಂಟ್ರಲ್ ನಿಲ್ದಾಣದಿಂದ ಈ ಕೆಲಸ ಆರಂಭವಾಯಿತು. ಮೊದಲ ಕೆಲವು ವರ್ಷ ಗೂಗಲ್ ಕಂಪನಿ ಇದರಲ್ಲಿ ಜೊತೆಗಿತ್ತು. 2020ರಲ್ಲಿ ಅದು ಈ ಕಾರ್ಯಕ್ರಮವನ್ನು ನಿಲ್ಲಿಸಿತಾದರೂ ರೈಲ್‌ಟೆಲ್ ಸಂಸ್ಥೆ ‘ರೈಲ್‌ವೈರ್’ ಎಂಬ ಹೆಸರಿನಲ್ಲಿ ಸೇವೆಯನ್ನು ಮುಂದುವರಿಸಿತು.

ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲಿ 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದವಿದ್ದು, ಜಗತ್ತಿನಲ್ಲಿಯೇ ಅತಿ ಉದ್ದವಾದುದೆಂದು ಹೆಸರಾಗಿದೆ. ಮೇಲೆ ಹೇಳಿದ ಲೆಕ್ಕದಲ್ಲಿ ಈ ಒಂದು ಪ್ಲಾಟ್‌ಫಾರ್ಮಿಗೇ 15 ಪೆಟ್ಟಿಗೆಗಳಾದರೂ ಬೇಕಾಗುತ್ತವೆ. ಆದ್ದರಿಂದ ನಿಲ್ದಾಣದ ಒಳಗೆ ಸಹ ಸಿಗ್ನಲ್ ಎಲ್ಲ ಕಡೆ ಒಂದೇ ಸಮ ಇರಲಾರದು. ಮೊಬೈಲಿನಲ್ಲಿ ವೈ-ಫೈ ಗುರುತಿನ ಗೆರೆಗಳು ಕಡಿಮೆ ಕಂಡರೆ ಪೆಟ್ಟಿಗೆ ಇರುವ ಕಡೆಗೆ 20-30 ಹೆಜ್ಜೆ ನಡೆದು ನೋಡಬೇಕು. ಸಾಮಾನ್ಯವಾಗಿ ಪ್ರಯಾಣಿಕರು ಕುಳಿತುಕೊಳ್ಳುವ ಸ್ಥಳ, ಮೇಲ್ಛಾವಣಿ ಇರುವ ನಡುಭಾಗಗಳಲ್ಲಿ ಸಂಪರ್ಕ ಚೆನ್ನಾಗಿರುತ್ತದೆ.

ಸೇರಿಕೊಳ್ಳುವ ಕ್ರಮ

ನಿಲ್ದಾಣದ ವೈ-ಫೈಗೆ ಸೇರಿಕೊಳ್ಳಲು ಈ ಕೆಳಗಿನ ಕ್ರಮ ಅನುಸರಿಸಬೇಕು.

1. ಮೊಬೈಲಿನ ಸೆಟ್ಟಿಂಗ್ಸ್‌ಗೆ ಹೋಗಿ ವೈ-ಫೈ ಚಾಲೂ ಮಾಡಿರಿ. ಸುತ್ತಮುತ್ತ ಇರುವ ವೈ-ಫೈಗಳ ಹೆಸರಿನ ಪಟ್ಟಿ ಕಾಣಿಸುತ್ತದೆ.

2. ಪಟ್ಟಿಯಲ್ಲಿ ‘ರೈಲ್‌ವೈರ್’ ಎಂಬ ಹೆಸರನ್ನು ಆರಿಸಿರಿ. ಈ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ ಇರುತ್ತದೆ. ಓದಲು ತೊಡಕಾದರೆ ನಿಲ್ದಾಣದಲ್ಲಿ ಹಚ್ಚಿದ ಫಲಕದೊಂದಿಗೆ ಅಕ್ಷರ ಅಕ್ಷರವನ್ನೂ ಹೋಲಿಸಿ ನೋಡಿರಿ.

3. ಬ್ರೌಸರ್ ತೆರೆಯಿರಿ. ಸೇವೆಯ ಪುಟ ತಾನಾಗಿಯೇ ಬರುತ್ತದೆ. ಬಾರದಿದ್ದರೆ ಮೊಬೈಲ್ ಡೇಟಾವನ್ನು ಸ್ವಲ್ಪ ಹೊತ್ತು ಬಂದ್ ಮಾಡಿ ಮತ್ತೆ ಪ್ರಯತ್ನಿಸಿರಿ. ಡೇಟಾ ಚಾಲೂ ಇದ್ದಾಗ ಕೆಲವು ಮೊಬೈಲುಗಳು ವೈ-ಫೈ ಬಿಟ್ಟು ಡೇಟಾದ ದಾರಿ ಹಿಡಿಯುವುದರಿಂದ ಈ ಪುಟ ಕಾಣಿಸುವುದಿಲ್ಲ.

4. ಪುಟದಲ್ಲಿ ನಿಮ್ಮ ಮೊಬೈಲ್ ಸಂಖ್ಯೆ ತುಂಬಿರಿ. ಒಮ್ಮೆ ಮಾತ್ರ ಬಳಸುವ ಗುಪ್ತ ಅಂಕಿ, ಅಂದರೆ ಒ.ಟಿ.ಪಿ., ಸಂದೇಶದ ಮೂಲಕ ಬರುತ್ತದೆ. ಡೇಟಾ ಬಂದ್ ಇದ್ದರೂ ಈ ಸಂದೇಶ ಬರುತ್ತದೆ. ಆದರೆ ಸಿಮ್ ಚಾಲ್ತಿಯಲ್ಲಿರಬೇಕು.

5. ಸಂದೇಶವನ್ನು ಪೂರ್ತಿ ಓದಿ, ಅದು ವೈ-ಫೈಗೆ ಸಂಬಂಧಿಸಿದ್ದೆಂದು ಖಾತ್ರಿಯಾದ ಮೇಲೆ ಅಂಕಿಯನ್ನು ತುಂಬಿರಿ. ಸಂಪರ್ಕ ದೊರೆಯುತ್ತದೆ.

ಬಿಟ್ಟಿ ಸೇವೆಗೆ ಮೊಬೈಲ್ ಸಂಖ್ಯೆ ಏಕೆ ಕೊಡಬೇಕು ಎಂದು ಕೆಲವರು ಕೇಳುವುದುಂಟು. 2008ರಲ್ಲಿ ಬೀಗವಿಲ್ಲದ ವೈ-ಫೈ ಸಂಪರ್ಕಗಳ ಮೂಲಕ ಉಗ್ರರು ಬೆದರಿಕೆಯ ಪತ್ರ ಕಳುಹಿಸಿದ ಪ್ರಕರಣಗಳು ನಡೆದವು. ಆನಂತರ, ಇಂತಹ ಸೇವೆ ಬಳಸುವವರ ಗುರುತು ಇರಬೇಕೆಂದು ದೂರಸಂಪರ್ಕ ಇಲಾಖೆ 2009ರ ಫೆಬ್ರವರಿಯಲ್ಲಿ ಸೂಚನೆ ಹೊರಡಿಸಿತು. ಮೊಬೈಲ್ ಸಂಖ್ಯೆ ಮತ್ತು ಒ.ಟಿ.ಪಿ. ಕೇಳುವುದು ಈ ಕಾರಣಕ್ಕೆ. ಗುರುತಿಗೆ ಇಷ್ಟೇ ಸಾಕು. ಬಿಟ್ಟಿ ವೈ-ಫೈ ಕೊಡುವ ಪುಟವೊಂದು ಆಧಾರ್ ಸಂಖ್ಯೆ, ಬ್ಯಾಂಕಿನ ಖಾತೆ, ಎ.ಟಿ.ಎಂ. ಕಾರ್ಡಿನ ಅಂಕಿ ಅಥವಾ ಯು.ಪಿ.ಐ. ಪಿನ್ ಕೇಳಿದರೆ ಅದು ಮೋಸದ ಪುಟವೆಂದೇ ತಿಳಿದು ಕೂಡಲೇ ವೈ-ಫೈ ಬಂದ್ ಮಾಡಬೇಕು.

ಅರ್ಧ ತಾಸಿನಲ್ಲಿ ಎಷ್ಟು ಸಿಗುತ್ತದೆ?

ರೈಲ್‌ಟೆಲ್ ಸಂಸ್ಥೆ 2021ರ ಮಾರ್ಚ್‌ನಲ್ಲಿ ಪ್ರಕಟಿಸಿದ ವ್ಯವಸ್ಥೆಯಂತೆ ಪ್ರತಿ ಬಳಕೆದಾರರಿಗೆ ದಿನಕ್ಕೆ ಮೊದಲ 30 ನಿಮಿಷ, ಸೆಕೆಂಡಿಗೆ 1 ಮೆಗಾಬಿಟ್ ವೇಗದಲ್ಲಿ, ಬಿಟ್ಟಿ ಸೇವೆ. ಅದಕ್ಕೂ ಹೆಚ್ಚು ವೇಗ ಬೇಕಾದವರಿಗೆ ದಿನಕ್ಕೆ 10 ರೂಪಾಯಿಗೆ 5 ಗಿಗಾಬೈಟ್, 30 ದಿನಕ್ಕೆ 70 ರೂಪಾಯಿಗೆ 60 ಗಿಗಾಬೈಟ್ ಹೀಗೆ ಹಣದ ಯೋಜನೆಗಳನ್ನು ಆಗ ನಿಗದಿಪಡಿಸಲಾಯಿತು. ಹಣ ಕೊಡಬೇಕೆನ್ನುವವರು ಆ ದಿನ ಪುಟದಲ್ಲಿ ತೋರಿಸುವ ದರವನ್ನೇ ನೋಡಿಕೊಳ್ಳಬೇಕು. ಆದರೆ ಪೇಟೆಗೆ ಬಂದ ರೈತರ ಸಾಮಾನ್ಯ ಅಗತ್ಯಕ್ಕೆ ಬಿಟ್ಟಿಯ ಅರ್ಧ ತಾಸೇ ಸಾಕಾಗುತ್ತದೆ.

ಇದನ್ನು ಪಂಪಿನ ನೀರಿನಂತೆ ಲೆಕ್ಕ ಹಾಕಬಹುದು. ಸೆಕೆಂಡಿಗೆ ಇಷ್ಟು ಲೀಟರ್ ಎಂದು ಹರಿವನ್ನು ಅಳೆಯುವಂತೆ ಇಲ್ಲಿ ವೇಗವನ್ನು ಮೆಗಾಬಿಟ್‌ಗಳಲ್ಲಿ ಅಳೆಯುತ್ತಾರೆ. ತೊಟ್ಟಿಯಲ್ಲಿ ತುಂಬಿದ ನೀರನ್ನು ಅಳೆಯುವಂತೆ ಕಡತದ ಗಾತ್ರವನ್ನು ಮೆಗಾಬೈಟ್‌ಗಳಲ್ಲಿ ಅಳೆಯುತ್ತಾರೆ. 8 ಬಿಟ್ ಸೇರಿದರೆ 1 ಬೈಟ್. ಆದ್ದರಿಂದ 1 ಮೆಗಾಬೈಟ್ ಇಳಿಯಲು 8 ಸೆಕೆಂಡು ಬೇಕು. 30 ನಿಮಿಷಕ್ಕೆ 1800 ಸೆಕೆಂಡು. ಅಂದರೆ ಎಲ್ಲವೂ ಸರಿಯಾಗಿದ್ದರೆ 225 ಮೆಗಾಬೈಟ್ ಸಿಗುತ್ತದೆ. ಜನಸಂದಣಿ ಇದ್ದಾಗ ಇದಕ್ಕಿಂತ ಕಡಿಮೆಯೇ ಸಿಗುವುದು.

3 ಮೆಗಾಬೈಟಿನ ಒಂದು ಬೇಸಾಯ ಪುಸ್ತಿಕೆ ಇಳಿಯಲು 24 ಸೆಕೆಂಡು ಸಾಕು. 40 ಮೆಗಾಬೈಟಿನ ಒಂದು ಆಪ್ ಇಳಿಯಲು 5 ನಿಮಿಷದ ಮೇಲೆ ಬೇಕು. ಸಾಧಾರಣ ಗುಣಮಟ್ಟದ 10 ನಿಮಿಷದ ವಿಡಿಯೋ ಸುಮಾರು 50 ಮೆಗಾಬೈಟ್ ಇದ್ದರೆ ಅದಕ್ಕೆ 7 ನಿಮಿಷದವರೆಗೆ ಹಿಡಿಯುತ್ತದೆ. ಆದ್ದರಿಂದ ಓದುವ ಮತ್ತು ಉಳಿಸಿಕೊಳ್ಳುವ ಕೆಲಸ ಮೊದಲು, ನೋಡುವ ಕೆಲಸ ಕೊನೆಗೆ ಎಂಬ ಕ್ರಮ ಇಟ್ಟುಕೊಳ್ಳಬೇಕು.

ಇನ್ನೊಂದು ಸಂಗತಿ ಗಮನದಲ್ಲಿಡಬೇಕು. ವೈ-ಫೈ ಸಿಕ್ಕ ಕೂಡಲೇ ಹೆಚ್ಚಿನ ಮೊಬೈಲುಗಳು ಆಪ್‌ಗಳನ್ನು ತಾವಾಗಿಯೇ ಹೊಸದು ಮಾಡಿಕೊಳ್ಳಲು ತೊಡಗುತ್ತವೆ. ವಾಟ್ಸಪ್‌ನಲ್ಲಿ ಬಂದ ಮದುವೆಯ ವಿಡಿಯೋ, ಶುಭೋದಯದ ಚಿತ್ರಗಳೆಲ್ಲ ಒಮ್ಮೆಲೇ ಇಳಿಯತೊಡಗುತ್ತವೆ. ಮೇಲಿನ ಹೊಲದವರು ಮಡಕ ಒಡೆದರೆ ಕೆಳಗಿನ ಹೊಲಕ್ಕೆ ನೀರು ಮುಟ್ಟದಂತೆ, ನಿಮಗೆ ಬೇಕಾದ ಮಾಹಿತಿ ಹಿಂದೆ ಬೀಳುತ್ತದೆ. ಮನೆಯಲ್ಲಿದ್ದಾಗಲೇ ವಾಟ್ಸಪ್ ಸೆಟ್ಟಿಂಗ್ಸ್‌ನಲ್ಲಿ ವೈ-ಫೈ ಸಿಕ್ಕಾಗ ಚಿತ್ರ ಮತ್ತು ವಿಡಿಯೋ ತಾನಾಗಿ ಇಳಿಯುವುದನ್ನು, ಪ್ಲೇ ಸ್ಟೋರಿನಲ್ಲಿ ಆಪ್‌ಗಳು ತಾವಾಗಿ ಹೊಸದಾಗುವುದನ್ನು ಬಂದ್ ಮಾಡಿ ಬಂದರೆ ಅರ್ಧ ತಾಸು ಪೂರ್ತಿ ನಿಮ್ಮ ಕೈಯಲ್ಲಿರುತ್ತದೆ.

ರೈತರು ಇಳಿಸಿಕೊಳ್ಳಬೇಕಾದ ಮಾಹಿತಿ

ಪೇಟೆಯ ಧಾರಣೆ: ರಾಜ್ಯ ಕೃಷಿ ಮಾರಾಟ ಮಂಡಳಿಯ ‘ಕೃಷಿ ಮಾರಾಟ ವಾಹಿನಿ’ ತಾಣದಲ್ಲಿ ರಾಜ್ಯದ ಮಾರುಕಟ್ಟೆಗಳ ಆವಕ ಮತ್ತು ದರ ನೋಡಬಹುದು. ಪ್ರತಿ ಮಾಲಿಗೆ ಕನಿಷ್ಠ, ಗರಿಷ್ಠ ಮತ್ತು ಮಾದರಿ ಎಂದು ಮೂರು ದರಗಳಿರುತ್ತವೆ. ಗರಿಷ್ಠ ದರವನ್ನಷ್ಟೇ ನೋಡಿ ಮಾಲು ಹೇರಿಕೊಂಡು ಹೋಗಬಾರದು. ಅದು ಒಂದೆರಡು ಒಳ್ಳೆಯ ರಾಶಿಗೆ ಸಿಕ್ಕಿದ್ದಿರಬಹುದು. ಹೆಚ್ಚಿನ ಮಾಲು ಮಾರಾಟವಾದ ಮಾದರಿ ದರವೇ ನಿಮ್ಮ ಲೆಕ್ಕಕ್ಕೆ ಆಧಾರ. ಹುಬ್ಬಳ್ಳಿ, ಗದಗ ಮತ್ತು ಬೇರೆ ಹತ್ತಿರದ ಪೇಟೆಗಳ ಮೂರು-ನಾಲ್ಕು ದಿನದ ಮಾದರಿ ದರಗಳನ್ನು ಬರೆದುಕೊಂಡು, ಸಾಗಣೆ ಮತ್ತು ಹಮಾಲಿ ಖರ್ಚು ಕಳೆದು ಹೋಲಿಸಬೇಕು. ಕ್ವಿಂಟಲಿಗೆ 100 ರೂಪಾಯಿ ಹೆಚ್ಚು ಸಿಗುವ ಪೇಟೆಗೆ ಹೋಗಲು ಕ್ವಿಂಟಲಿಗೆ 120 ರೂಪಾಯಿ ಹೆಚ್ಚು ಬಾಡಿಗೆ ಕೊಟ್ಟರೆ ಲಾಭವೆಲ್ಲಿ?

ಹವಾಮಾನ: ಭಾರತ ಹವಾಮಾನ ಇಲಾಖೆ, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ಮತ್ತು ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಸೇರಿ 2019ರಲ್ಲಿ ‘ಮೇಘದೂತ’ ಆಪ್ ಹೊರತಂದವು. ಜಿಲ್ಲಾವಾರು ಹವಾಮಾನ ಮುನ್ಸೂಚನೆ ಮತ್ತು ಬೆಳೆ ಸಲಹೆ ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಹೊರಬರುತ್ತದೆ. ಪೇಟೆಗೆ ಬರುವ ದಿನ ಇವೆರಡರಲ್ಲಿ ಒಂದಾದರೆ ಸಂಜೆಯ ಹೊತ್ತಿಗೆ ಹೊಸ ಸಲಹೆಯನ್ನೇ ಇಳಿಸಿಕೊಂಡು ಹೋಗಬಹುದು. ಸಿಡಿಲಿನ ಮುನ್ನೆಚ್ಚರಿಕೆಗೆ ‘ದಾಮಿನಿ’ ಎಂಬ ಆಪ್ ಇದೆ. ಮುಂಗಾರಿಗೆ ಮೊದಲು ಬರುವ ಗುಡುಗು ಮಳೆಯ ದಿನಗಳಲ್ಲಿ ಎರೆ ಹೊಲದ ಬಯಲಿನಲ್ಲಿ ಕೆಲಸ ಮಾಡುವವರಿಗೆ ಇದು ಬಹಳ ಉಪಯುಕ್ತ. ಈ ಆಪ್‌ಗಳನ್ನು ವೈ-ಫೈಯಲ್ಲಿ ಒಮ್ಮೆ ಇಳಿಸಿಕೊಂಡರೆ ಮುಂದೆ ಹಳ್ಳಿಯಲ್ಲಿ ದಿನದ ಬಳಕೆಗೆ ಸ್ವಲ್ಪವೇ ಡೇಟಾ ಸಾಕು.

ಹೊಲದ ಉತಾರ: ‘ಭೂಮಿ’ ತಾಣದಲ್ಲಿ ಸರ್ವೆ ನಂಬರ್ ಕೊಟ್ಟು ಪಹಣಿಯನ್ನು ನೋಡಬಹುದು. ಹೆಸರು, ಕ್ಷೇತ್ರ, ಬೆಳೆಯ ಕಾಲಂ, ಸಾಲದ ಬೋಜಾ ಸರಿಯಾಗಿವೆಯೇ ಎಂದು ವರ್ಷಕ್ಕೊಮ್ಮೆಯಾದರೂ ನೋಡಿಕೊಳ್ಳುವುದು ಒಳ್ಳೆಯದು. ತಪ್ಪಿದ್ದರೆ ಪೇಟೆಯಲ್ಲಿದ್ದಾಗಲೇ ಕಚೇರಿಗೆ ಹೋಗಿ ವಿಚಾರಿಸಬಹುದು.

ಬೇಸಾಯ ಕ್ರಮ: ಕೃಷಿ ವಿಶ್ವವಿದ್ಯಾಲಯ ಮತ್ತು ಇಲಾಖೆಗಳ ಪುಸ್ತಿಕೆಗಳಲ್ಲಿ ಈ ಹಂಗಾಮಿಗೆ ಬೇಕಾದ ಒಂದೆರಡನ್ನು ಮಾತ್ರ ಆರಿಸಿ ಮೊಬೈಲಿನಲ್ಲಿ ಉಳಿಸಿಕೊಳ್ಳಿರಿ. ಉಳಿಸಿಕೊಂಡ ಕಡತ ನೆಟ್‌ವರ್ಕ್ ಇಲ್ಲದ ಹೊಲದಲ್ಲಿಯೂ ತೆರೆಯುತ್ತದೆ. ಬೆಳೆಗೆ ರೋಗ ಬಂದಿದ್ದರೆ ಎಲೆಯ ಮೇಲ್ಭಾಗ, ಕೆಳಭಾಗ ಮತ್ತು ಪೂರ್ತಿ ಗಿಡ ಹೀಗೆ ಮೂರು ಚಿತ್ರಗಳನ್ನು ಮನೆಯಿಂದಲೇ ತೆಗೆದು ತಂದು, ವೈ-ಫೈ ಸಿಕ್ಕಾಗ ನಿಮಗೆ ಪರಿಚಯವಿರುವ ರೈತ ಸಂಪರ್ಕ ಕೇಂದ್ರದ ಅಧಿಕಾರಿಗೆ ಅಥವಾ ವಿಜ್ಞಾನಿಗೆ ಕಳುಹಿಸಬಹುದು.

ಕಾಯಬಾರದ ಕೆಲಸ

ಪೇಟೆಯ ವೈ-ಫೈ ಸಿಕ್ಕಾಗ ಮಾಡೋಣ ಎಂದು ಮುಂದಕ್ಕೆ ಹಾಕಬಾರದ ಕೆಲಸವೂ ಒಂದಿದೆ. ಬೆಳೆ ವಿಮೆ ಮಾಡಿಸಿದವರ ಹೊಲಕ್ಕೆ ಆಲಿಕಲ್ಲು ಮಳೆ ಬಿದ್ದರೆ, ನೀರು ನಿಂತರೆ, ಅಥವಾ ಕೊಯ್ದು ಒಣಗಲು ಹರವಿದ ಬೆಳೆ 14 ದಿನದೊಳಗೆ ಅಕಾಲಿಕ ಮಳೆಗೆ ಸಿಕ್ಕಿ ಹಾಳಾದರೆ 72 ತಾಸಿನೊಳಗೆ ತಿಳಿಸಬೇಕೆಂದು ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯ ನಿಯಮವಿದೆ. ಆಪ್‌ನಲ್ಲಿ ತಿಳಿಸಲು ನೆಟ್‌ವರ್ಕ್ ಇಲ್ಲದಿದ್ದರೆ 14447 ಸಂಖ್ಯೆಗೆ ಕರೆ ಮಾಡಿ ತಿಳಿಸಬೇಕು. ಬ್ಯಾಂಕು ಅಥವಾ ಕೃಷಿ ಇಲಾಖೆಯ ಕಚೇರಿಗೂ ತಿಳಿಸಬಹುದು. ಭಾನುವಾರದ ಮಳೆಗೆ ಗುರುವಾರದ ಸಂತೆಯವರೆಗೆ ಕಾಯುತ್ತ ಕುಳಿತರೆ ಅವಧಿ ಮುಗಿದುಹೋಗುತ್ತದೆ. ಹಾಗೆಯೇ ಬೇಸಾಯದ ಪ್ರಶ್ನೆಗಳಿಗೆ ಅಂತರ್ಜಾಲವೇ ಬೇಕೆಂದಿಲ್ಲ. 2004ರಿಂದ ನಡೆಯುತ್ತಿರುವ ಕಿಸಾನ್ ಕಾಲ್ ಸೆಂಟರಿಗೆ 1800-180-1551 ಸಂಖ್ಯೆಯಲ್ಲಿ ಬಿಟ್ಟಿಯಾಗಿ ಕರೆ ಮಾಡಿ ಕನ್ನಡದಲ್ಲಿಯೇ ಕೇಳಬಹುದು.

ಅಪಾಯ ಎಲ್ಲಿದೆ?

ಸಾರ್ವಜನಿಕ ವೈ-ಫೈ ಎಂದರೆ ಗಾಳಿಯಲ್ಲಿಯೇ ಕಳ್ಳರು ಹಣ ಕದಿಯುತ್ತಾರೆ ಎಂಬ ಭಯ ಹಲವರಲ್ಲಿದೆ. ಇದು ಪೂರ್ತಿ ಸರಿಯಲ್ಲ. ಬ್ಯಾಂಕುಗಳ ಆಪ್ ಮತ್ತು ತಾಣಗಳು ತಮ್ಮ ಮಾಹಿತಿಯನ್ನು ಗೂಢಲಿಪಿಯಲ್ಲಿ ಸುತ್ತಿ ಕಳುಹಿಸುತ್ತವೆ. ನಡುವೆ ಯಾರಾದರೂ ಹಿಡಿದರೂ ಅದು ಮುದ್ರೆ ಒತ್ತಿದ ಚೀಲದಂತೆ, ಒಳಗಿನದು ಕಾಣುವುದಿಲ್ಲ. ನಿಜವಾದ ಅಪಾಯ ಇರುವುದು ನಾವೇ ನಮ್ಮ ಕೈಯಿಂದ ಚೀಲದ ಬಾಯಿ ಬಿಚ್ಚುವುದರಲ್ಲಿ. ಇದು ಮುಖ್ಯವಾಗಿ ಮೂರು ರೀತಿಯಲ್ಲಿ ಆಗುತ್ತದೆ.

ಮೊದಲನೆಯದು, ನಕಲಿ ವೈ-ಫೈ. ಒಂದು ಮೊಬೈಲಿನಿಂದಲೇ ಯಾರು ಬೇಕಾದರೂ ವೈ-ಫೈ ಹರಡಿಸಿ ಅದಕ್ಕೆ ತಮಗೆ ಬೇಕಾದ ಹೆಸರಿಡಬಹುದು. ಒಳ್ಳೆಯ ತಳಿಯ ಹೆಸರಿನ ಚೀಲದಲ್ಲಿ ಕಳಪೆ ಬೀಜ ತುಂಬಿ ಮಾರಿದಂತೆ, ಸರಕಾರಿ ಸೇವೆಯ ಹೆಸರಿನಲ್ಲಿ ನಕಲಿ ಪುಟ ತೋರಿಸಿ ನಿಮ್ಮ ವಿವರ ಕೇಳಬಹುದು. ಒಮ್ಮೆ ಸೇರಿದ ಹೆಸರಿನ ವೈ-ಫೈ ಮತ್ತೆಲ್ಲಿಯಾದರೂ ಕಂಡರೆ ಮೊಬೈಲು ತಾನಾಗಿಯೇ ಅದಕ್ಕೆ ಸೇರಿಕೊಳ್ಳುತ್ತದೆ. ಆದ್ದರಿಂದ ಕೆಲಸ ಮುಗಿದ ಮೇಲೆ ಸೆಟ್ಟಿಂಗ್ಸ್‌ನಲ್ಲಿ ಆ ಹೆಸರನ್ನು ಪಟ್ಟಿಯಿಂದ ತೆಗೆದುಹಾಕಿ, ವೈ-ಫೈ ಬಂದ್ ಮಾಡಿಯೇ ಹೊರಡಬೇಕು.

ಎರಡನೆಯದು, ಓದದೆ ಒ.ಟಿ.ಪಿ. ಕೊಡುವುದು. ವೈ-ಫೈಗೂ ಒ.ಟಿ.ಪಿ. ಬರುತ್ತದೆ, ಬ್ಯಾಂಕಿನಿಂದಲೂ ಬರುತ್ತದೆ. ಎರಡೂ ನೋಡಲು ಬರಿ ಅಂಕಿಗಳೇ. ಆದರೆ ಅಂಕಿಯ ಹಿಂದೆ-ಮುಂದೆ ಇರುವ ಅಕ್ಷರಗಳಲ್ಲಿ ಅದು ಯಾವುದಕ್ಕೆ ಎಂದು ಬರೆದಿರುತ್ತದೆ. ಹಣದ ಮೊತ್ತ, ಖಾತೆ, ಬ್ಯಾಂಕಿನ ಹೆಸರು ಕಂಡರೆ ಅದನ್ನು ಎಲ್ಲಿಯೂ ತುಂಬಬಾರದು, ಯಾರಿಗೂ ಹೇಳಬಾರದು. ಇಂಗ್ಲಿಷ್ ಓದಲು ಬಾರದವರು ನಿಲ್ದಾಣದಲ್ಲಿ ಪಕ್ಕದಲ್ಲಿ ಕುಳಿತ ಅಪರಿಚಿತರ ಕೈಗೆ ಮೊಬೈಲು ಕೊಡುವುದಕ್ಕಿಂತ ಮನೆಯ ಮಕ್ಕಳನ್ನೋ ಮೊಮ್ಮಕ್ಕಳನ್ನೋ ಜೊತೆಗೆ ಕರೆತರುವುದು ಕ್ಷೇಮ.

ಮೂರನೆಯದು, ವಾಟ್ಸಪ್‌ನಲ್ಲಿ ಬರುವ ಆಪ್ ಕಡತಗಳು. ಪಿ.ಎಂ.-ಕಿಸಾನ್ ಹೆಸರಿನಲ್ಲಿ, ಬ್ಯಾಂಕಿನ ಹೆಸರಿನಲ್ಲಿ ‘ಎ.ಪಿ.ಕೆ.’ ಎಂದು ಕೊನೆಗೊಳ್ಳುವ ಕಡತಗಳನ್ನು ಹಂಚಿ ಮೋಸ ಮಾಡುವುದು ಇತ್ತೀಚಿನ ವರ್ಷಗಳಲ್ಲಿ ಹೆಚ್ಚಾಗಿದೆ. ಅದನ್ನು ಒತ್ತಿ ಮೊಬೈಲಿನಲ್ಲಿ ಕೂಡಿಸಿಕೊಂಡರೆ ನಿಮಗೆ ಬರುವ ಸಂದೇಶಗಳನ್ನು ಕಳ್ಳರು ಓದಬಲ್ಲರು. ಬಿಟ್ಟಿ ವೈ-ಫೈ ಸಿಕ್ಕಿದೆ ಎಂಬ ಉಮೇದಿನಲ್ಲಿ ಸಿಕ್ಕ ಕಡತಗಳನ್ನೆಲ್ಲ ಇಳಿಸಿಕೊಳ್ಳಬಾರದು. ಆಪ್ ಬೇಕಾದರೆ ಪ್ಲೇ ಸ್ಟೋರಿನಿಂದ ಮಾತ್ರ ಪಡೆಯಬೇಕು.

ಊರ ಬಾವಿಯಿಂದ ಎಲ್ಲರೂ ನೀರು ಸೇದುತ್ತಾರೆ. ಆದರೆ ಅದರ ಕಟ್ಟೆಯ ಮೇಲೆ ಕುಳಿತು ಯಾರೂ ಹಣದ ಚೀಲ ಬಿಚ್ಚಿ ಎಣಿಸುವುದಿಲ್ಲ. ಧಾರಣೆ, ಹವಾಮಾನ, ಉತಾರ, ಪುಸ್ತಿಕೆ ಇವು ಎಲ್ಲರಿಗೂ ತೆರೆದಿಟ್ಟ ಮಾಹಿತಿ. ಇವನ್ನು ಸಾರ್ವಜನಿಕ ವೈ-ಫೈಯಲ್ಲಿ ಧಾರಾಳವಾಗಿ ಪಡೆಯಿರಿ. ಹಣ ಕಳುಹಿಸುವುದು, ಖಾತೆಯ ಶಿಲ್ಕು ನೋಡುವುದು, ಪಿ.ಎಂ.-ಕಿಸಾನ್ ಇ-ಕೆವೈಸಿ ಮಾಡುವುದು ಇಂತಹ ಬೀಗದ ಕೆಲಸಗಳಿಗೆ ಸ್ವಂತ ಮೊಬೈಲ್ ಡೇಟಾವನ್ನೇ ಬಳಸಿರಿ. ಇವಕ್ಕೆ ತಗಲುವ ಡೇಟಾ ತೀರ ಅಲ್ಪ. ಆ ಉಳಿತಾಯಕ್ಕಾಗಿ ಹಂಗಾಮಿನ ದುಡಿಮೆಯನ್ನು ಪಣಕ್ಕಿಡುವುದು ಜಾಣತನವಲ್ಲ.

ಮೋಸ ಹೋದರೆ ಏನು ಮಾಡಬೇಕು?

ಖಾತೆಯಿಂದ ಹಣ ಹೋಯಿತೆಂದು ತಿಳಿದ ಕ್ಷಣದಿಂದ ಪ್ರತಿ ನಿಮಿಷವೂ ಮುಖ್ಯ. ನಾಚಿಕೆಪಟ್ಟು ಮನೆಯಲ್ಲಿ ಹೇಳದೆ ಕುಳಿತರೆ ಕಳ್ಳರಿಗೆ ಹಣವನ್ನು ಖಾತೆಯಿಂದ ಖಾತೆಗೆ ದಾಟಿಸಲು ಸಮಯ ಸಿಗುತ್ತದೆ. ಕೂಡಲೇ 1930 ಸಂಖ್ಯೆಗೆ ಕರೆ ಮಾಡಬೇಕು. ಇದು ಸೈಬರ್ ಹಣಕಾಸು ವಂಚನೆಗೆಂದೇ ಇರುವ ಸಹಾಯವಾಣಿ. ಜೊತೆಗೆ ನಿಮ್ಮ ಬ್ಯಾಂಕಿಗೆ ತಿಳಿಸಿ ಖಾತೆಯನ್ನು ತಡೆಹಿಡಿಸಬೇಕು. ದೂರು ಕೊಟ್ಟ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು.

ರಿಸರ್ವ್ ಬ್ಯಾಂಕು 2017ರ ಜುಲೈನಲ್ಲಿ ಹೊರಡಿಸಿದ ಸೂಚನೆಯಲ್ಲಿ ಒಂದು ಮುಖ್ಯ ಅಂಶವಿದೆ. ಗ್ರಾಹಕರೇ ಗುಪ್ತ ವಿವರ ಕೊಟ್ಟು ಹಣ ಕಳೆದುಕೊಂಡಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದು; ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು. ಆದ್ದರಿಂದ ತಡಮಾಡದೆ ತಿಳಿಸುವುದರಲ್ಲಿಯೇ ನಿಮ್ಮ ಹಿತವಿದೆ. 1930 ಎಂಬ ನಾಲ್ಕು ಅಂಕಿಗಳನ್ನು ಮನೆಯ ಗೋಡೆಯ ಮೇಲೆ, ಪಂಚಾಂಗದ ಪಕ್ಕದಲ್ಲಿ ಬರೆದಿಟ್ಟರೂ ಸರಿಯೇ.

ನಿಮ್ಮ ಊರಿನಲ್ಲಿಯೂ ಸಾಧ್ಯ

ನಿಲ್ದಾಣದ ಹೊರಗೆ ವೈ-ಫೈ ಹರಡಲು ಕೇಂದ್ರ ಸಚಿವ ಸಂಪುಟ 2020ರ ಡಿಸೆಂಬರ್ 9ರಂದು ‘ಪಿ.ಎಂ.-ವಾಣಿ’ ಎಂಬ ವ್ಯವಸ್ಥೆಗೆ ಒಪ್ಪಿಗೆ ಕೊಟ್ಟಿತು. ಇದರಂತೆ ಕಿರಾಣಿ ಅಂಗಡಿ, ಚಹದ ಅಂಗಡಿ, ಗೊಬ್ಬರದ ಅಂಗಡಿ ಯಾರೇ ಆಗಲಿ ಒಂದು ಬ್ರಾಡ್‌ಬ್ಯಾಂಡ್ ಸಂಪರ್ಕ ಮತ್ತು ಒಂದು ಪೆಟ್ಟಿಗೆ ಇಟ್ಟು ಸುತ್ತಲಿನವರಿಗೆ ವೈ-ಫೈ ಮಾರಬಹುದು. ಇಂತಹ ಅಂಗಡಿಯನ್ನು ಸಾರ್ವಜನಿಕ ಡೇಟಾ ಕಚೇರಿ ಎನ್ನುತ್ತಾರೆ. ಹಿಂದೆ ರಸ್ತೆಯ ಪಕ್ಕದಲ್ಲಿದ್ದ ಎಸ್.ಟಿ.ಡಿ. ಬೂತಿನಂತೆಯೇ ಇದು. ಇದಕ್ಕೆ ಲೈಸೆನ್ಸ್ ಬೇಕಿಲ್ಲ, ಸರಕಾರಕ್ಕೆ ಶುಲ್ಕವಿಲ್ಲ. ಅಂಗಡಿಯವರನ್ನು ಒಟ್ಟುಗೂಡಿಸಿ ಲೆಕ್ಕಪತ್ರ ನೋಡಿಕೊಳ್ಳುವ ಸಂಸ್ಥೆಗಳು ಬೇರೆ ಇರುತ್ತವೆ. ಅವು ಮಾತ್ರ ದೂರಸಂಪರ್ಕ ಇಲಾಖೆಯಲ್ಲಿ ನೋಂದಾಯಿಸಿರಬೇಕು. ಬಳಸುವವರು ಪಿ.ಎಂ.-ವಾಣಿಯ ಒಂದು ಆಪ್ ಇಳಿಸಿಕೊಂಡು ಒಮ್ಮೆ ಮೊಬೈಲ್ ಸಂಖ್ಯೆ ಖಾತ್ರಿ ಮಾಡಿದರೆ, ಹತ್ತಿರ ಇಂತಹ ಸ್ಥಳ ಎಲ್ಲಿದೆ ಎಂಬುದನ್ನು ಅದೇ ತೋರಿಸುತ್ತದೆ. ಪೇಟೆಯಲ್ಲಿ ನಿಲ್ದಾಣದಿಂದ ದೂರವಿದ್ದಾಗ ಇದನ್ನು ಪ್ರಯತ್ನಿಸಬಹುದು.

ಇಂತಹ ಅಂಗಡಿಗಳಿಗೆ ಬ್ರಾಡ್‌ಬ್ಯಾಂಡ್ ದರ ಹೊರೆಯಾಗಬಾರದೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2025ರ ಜೂನ್‌ನಲ್ಲಿ ಒಂದು ಆದೇಶ ಹೊರಡಿಸಿತು. ಅದರಂತೆ 200 ಮೆಗಾಬಿಟ್‌ವರೆಗಿನ ಸಂಪರ್ಕಕ್ಕೆ ಮನೆಯ ಗ್ರಾಹಕರ ದರದ ಎರಡು ಪಟ್ಟಿಗಿಂತ ಹೆಚ್ಚು ಕೇಳುವಂತಿಲ್ಲ. ಗ್ರಾಮ ಪಂಚಾಯತಿಗಳವರೆಗೆ ಫೈಬರ್ ಕೇಬಲ್ ಒಯ್ಯುವ ಯೋಜನೆಗೂ 2011ರಲ್ಲಿಯೇ ಒಪ್ಪಿಗೆ ದೊರೆತಿದ್ದು, ಅದು ಇಂದು ಭಾರತ್‌ನೆಟ್ ಎಂಬ ಹೆಸರಿನಲ್ಲಿ ನಡೆದಿದೆ. ನಿಮ್ಮ ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ, ರೈತ ಉತ್ಪಾದಕರ ಸಂಸ್ಥೆ ಅಥವಾ ಸ್ತ್ರೀಶಕ್ತಿ ಗುಂಪು ಈ ಕೆಲಸ ಕೈಗೊಳ್ಳಬಹುದೇ ಎಂದು ಮುಂದಿನ ಸಭೆಯಲ್ಲಿ ಚರ್ಚಿಸಿರಿ. ಸಂಘದ ಕಟ್ಟಡದ ಸುತ್ತಲಿನ ಎರಡು ಎಕರೆಯಲ್ಲಿ ವೈ-ಫೈ ಸಿಕ್ಕರೂ ಸಾಕು, ಬೀಜ-ಗೊಬ್ಬರಕ್ಕೆ ಬಂದವರು ಧಾರಣೆ, ಹವಾಮಾನ ನೋಡಿಕೊಂಡು ಹೋಗಬಹುದು. ಅದಕ್ಕಾಗಿ ಪೇಟೆಗೆ ಬರುವ ಬಸ್ ಖರ್ಚು ಉಳಿಯುತ್ತದೆ.

ಪೇಟೆಗೆ ಹೊರಡುವ ಮುನ್ನ

ರೈತ ಬಾಂಧವರು ಈ ಕೆಳಗಿನ ಐದು ಅಂಶಗಳನ್ನು ನೆನಪಿನಲ್ಲಿಡಬೇಕು.

1. ಮೊಬೈಲನ್ನು ಪೂರ್ತಿ ಚಾರ್ಜ್ ಮಾಡಿಕೊಂಡು, ತಾನಾಗಿ ಇಳಿಯುವ ವಿಡಿಯೋ ಮತ್ತು ಆಪ್‌ಗಳನ್ನು ಬಂದ್ ಮಾಡಿ ಹೊರಡಬೇಕು.

2. ಯಾವ ಮಾಹಿತಿ ಬೇಕು ಎಂಬುದನ್ನು ಚೀಟಿಯಲ್ಲಿ ಬರೆದುಕೊಳ್ಳಬೇಕು. ಸರ್ವೆ ನಂಬರನ್ನೂ ಬರೆದುಕೊಂಡಿರಬೇಕು.

3. ಪುಟ ಕೇಳುವುದು ಮೊಬೈಲ್ ಸಂಖ್ಯೆ ಮತ್ತು ಒ.ಟಿ.ಪಿ. ಮಾತ್ರವೇ ಎಂದು ನೋಡಬೇಕು. ಸಂದೇಶವನ್ನು ಓದಿಯೇ ಅಂಕಿ ತುಂಬಬೇಕು.

4. ಹಣದ ಕೆಲಸಕ್ಕೆ ಸ್ವಂತ ಡೇಟಾ, ತೆರೆದ ಮಾಹಿತಿಗೆ ಸಾರ್ವಜನಿಕ ವೈ-ಫೈ ಎಂಬ ಭೇದ ಇಟ್ಟುಕೊಳ್ಳಬೇಕು.

5. ಕೆಲಸ ಮುಗಿದ ಮೇಲೆ ವೈ-ಫೈಯ ಹೆಸರು ತೆಗೆದು, ಬಂದ್ ಮಾಡಿ ಹೊರಡಬೇಕು.

ಇಷ್ಟು ಎಚ್ಚರ ವಹಿಸಿದರೆ ರೈಲಿಗಾಗಿ ಕಾಯುವ ಅರ್ಧ ತಾಸು ವ್ಯರ್ಥವಾಗದು. ಹೀಗೆ ಇಳಿಸಿಕೊಂಡ ಧಾರಣೆಯ ಪಟ್ಟಿ ಮತ್ತು ಹವಾಮಾನದ ಸಲಹೆಯನ್ನು ಊರಿಗೆ ಮುಟ್ಟಿದ ಮೇಲೆ ನೆರೆಹೊರೆಯ ನಾಲ್ವರಿಗೆ ಓದಿ ಹೇಳಿರಿ. ಒಬ್ಬರ ಮೊಬೈಲಿನಲ್ಲಿ ಬಂದ ಮಾಹಿತಿ ಹತ್ತು ಹೊಲಗಳಿಗೆ ಮುಟ್ಟಿದರೆ ಅದರ ಬೆಲೆಯೂ ಹತ್ತು ಪಟ್ಟಾಗುತ್ತದೆ.